ಬಟನ್‌ನ ದೀಪ ಬಂತು, ಫೋನ್ ಬರಲಿಲ್ಲ: ಅಮ್ಮನ ಅಲಾರಂಗೆ ರಿಪೀಟರ್ ಹಾಕಿದ ಅನುಭವ

ಅಮ್ಮನ ಕೊರಳಲ್ಲಿ ಯಾವಾಗಲೂ ಒಂದು ಬಟನ್ ಇರುತ್ತದೆ. ಬಿದ್ದರೆ, ತಲೆ ಸುತ್ತಿದರೆ ಅದನ್ನು ಒತ್ತಬೇಕು. ಹಾಲ್‌ನಲ್ಲಿರುವ ಅಲಾರಂ ಪೆಟ್ಟಿಗೆ ಆ ಸಿಗ್ನಲ್ ಹಿಡಿದು ಮೊದಲು ನನಗೆ ಫೋನ್ ಮಾಡುತ್ತದೆ. ನಾನು ಎತ್ತದಿದ್ದರೆ ಅಕ್ಕನಿಗೆ, ಆಮೇಲೆ ಪಕ್ಕದ ಮನೆಯವರಿಗೆ. ಇದರ ಜೊತೆ ಹಾಸಿಗೆಯ ಕೆಳಗೆ ಒಂದು ಸೆನ್ಸರ್ ಇದೆ. ರಾತ್ರಿ ಎದ್ದು ಹೋದ ಅಮ್ಮ ಇಪ್ಪತ್ತು ನಿಮಿಷದಲ್ಲಿ ವಾಪಸ್ ಬಂದು ಮಲಗದಿದ್ದರೆ ಅದು ತಿಳಿಸುತ್ತದೆ. ಹಿಂಬಾಗಿಲಿಗೆ ಒಂದು, ಬಚ್ಚಲುಮನೆಯಲ್ಲಿ ದಾರ ಎಳೆಯುವ ಸ್ವಿಚ್ ಒಂದು. ಒಟ್ಟು ನಾಲ್ಕು.

ಎಂಟು ತಿಂಗಳು ಎಲ್ಲ ಸರಿಯಾಗಿದೆ ಅಂತಲೇ ನಂಬಿದ್ದೆ. ಒಂದು ಭಾನುವಾರ ಬಟನ್‌ನ ದಾರ ಬದಲಿಸುತ್ತಾ ಸುಮ್ನೆ ಕೇಳಿದೆ, "ಅಮ್ಮ, ಇದನ್ನ ಯಾವತ್ತಾದ್ರೂ ಒತ್ತಿದ್ಯಾ?"

"ಒತ್ತಿದ್ದೆ ಕಣೋ. ಹೋದ ವಾರ ಬಚ್ಚಲಲ್ಲಿ ಕಾಲು ಜಾರಿತು. ಗೋಡೆ ಹಿಡ್ಕೊಂಡು ಹಾಗೇ ಕೂತ್ಬಿಟ್ಟೆ. ಒತ್ತಿದಾಗ ಕೆಂಪು ದೀಪ ಬಂತು. ಯಾರೂ ಫೋನ್ ಮಾಡ್ಲಿಲ್ಲ. ನೀನು ಕೆಲಸದಲ್ಲಿರ್ತೀಯೇನೋ ಅಂತ ನಾನೇ ನಿಧಾನಕ್ಕೆ ಎದ್ದು ಬಂದೆ."

ನನಗೆ ಯಾವ ಕರೆಯೂ ಬಂದಿರಲಿಲ್ಲ. ಅಕ್ಕನಿಗೂ ಇಲ್ಲ. ಪೆಟ್ಟಿಗೆಯ ದಾಖಲೆ ತೆಗೆದು ನೋಡಿದೆ. ಆ ವಾರ ಒಂದೇ ಒಂದು ಅಲಾರಂ ಕೂಡ ಅದರಲ್ಲಿ ಇರಲಿಲ್ಲ. ಅಂದರೆ ಬಟನ್ ಕೂಗಿದ್ದು ಪೆಟ್ಟಿಗೆಗೆ ಕೇಳಿಸಿಯೇ ಇರಲಿಲ್ಲ.

ಅವತ್ತು ರಾತ್ರಿ ಕೂತು ಕೈಪಿಡಿಯನ್ನು ಮೊದಲಿನಿಂದ ಕೊನೆವರೆಗೆ ಓದಿದೆ. ಎರಡು ವಿಷಯ ಗೊತ್ತಾಯಿತು. ಮೊದಲನೆಯದು, ನಮ್ಮ ಬಟನ್ ಕಳಿಸುತ್ತದೆ ಅಷ್ಟೇ, ಉತ್ತರ ಕೇಳಿಸಿಕೊಳ್ಳುವುದಿಲ್ಲ. ಕೆಂಪು ದೀಪದ ಅರ್ಥ "ಕಳಿಸಿದೆ" ಅಂತ, "ತಲುಪಿತು" ಅಂತ ಅಲ್ಲ. ಎರಡನೆಯದು ಇನ್ನೂ ಮುಖ್ಯ. ಪ್ರತಿ ಸೆನ್ಸರ್ ಕೆಲವು ಗಂಟೆಗೊಮ್ಮೆ "ನಾನಿದ್ದೇನೆ" ಅಂತ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಅದು ಇಡೀ ದಿನ ಬರದಿದ್ದರೆ ಪೆಟ್ಟಿಗೆ ದೂರು ಹೇಳುತ್ತದೆ. ಬಟನ್ ಬಗ್ಗೆ ಅದು ಯಾವತ್ತೂ ಹೇಳಿರಲಿಲ್ಲ. ಯಾಕೆ ಹೇಳುತ್ತೆ? ಅಮ್ಮ ದಿನದ ಹೆಚ್ಚಿನ ಹೊತ್ತು ಇರುವುದು ಹಾಲ್‌ನಲ್ಲಿ, ಇಲ್ಲವೇ ಮಲಗುವ ಕೋಣೆಯಲ್ಲಿ. ಅಲ್ಲಿಂದ ಆ ಸಂದೇಶ ಆರಾಮಾಗಿ ತಲುಪುತ್ತಿತ್ತು. ದಿನದಲ್ಲಿ ಅರ್ಧ ಗಂಟೆ ಬಚ್ಚಲಲ್ಲಿ ಕಳೆದರೆ, ಆ ಅರ್ಧ ಗಂಟೆಯ ಬಗ್ಗೆ ಪೆಟ್ಟಿಗೆಗೆ ಏನೂ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇತ್ತು.

ಬಚ್ಚಲಿನ ಸಿಗ್ನಲ್ ಹಿಡಿದು ಪೆಟ್ಟಿಗೆಗೆ ದಾಟಿಸಲು ನಡುವೆ ರಿಪೀಟರ್ ಅನ್ನೋ ಸಾಧನ ಬೇಕಿತ್ತು. "ವೈಫೈಗೆ ಒಂದು ಎಕ್ಸ್‌ಟೆಂಡರ್ ಇದೆಯಲ್ಲ, ಅದನ್ನೇ ಇಟ್ಟರೆ ಸಾಕಲ್ವಾ?" ಅಂತ ಅಕ್ಕ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವೈಫೈಯ ರೇಡಿಯೋ ಅಲೆ ಓಡುವುದು 2.4 ಅಥವಾ 5 ಗಿಗಾಹರ್ಟ್ಸ್‌ನಲ್ಲಿ. ನಮ್ಮ ಬಟನ್ ಮಾತಾಡುವುದು 869 ಮೆಗಾಹರ್ಟ್ಸ್‌ನಲ್ಲಿ. ಯುರೋಪಿನಲ್ಲಿ 869.20 ರಿಂದ 869.25 ಮೆಗಾಹರ್ಟ್ಸ್ ವರೆಗಿನ ಒಂದು ಸಣ್ಣ ಪಟ್ಟಿಯನ್ನು ಇಂಥ ಆರೈಕೆ ಅಲಾರಂಗಳಿಗೆ ಅಂತಲೇ ಮೀಸಲಿಟ್ಟಿದ್ದಾರೆ. ಬೇರೆ ಕೆಲವು ಸಾಧನಗಳು 433.92 ಮೆಗಾಹರ್ಟ್ಸ್ ಬಳಸುತ್ತವೆ. ದೇಶ ಬದಲಾದರೆ ಅನುಮತಿಯೂ ಬದಲಾಗುತ್ತದೆ. ಹಾಗಾಗಿ ನಿಮ್ಮ ಸಾಧನದ ಹಿಂದೆ ಬರೆದಿರುವ ಅಂಕಿಯನ್ನು ಮೊದಲು ಓದಿ. ಅಂಕಿ ಒಂದೇ ಆದರೂ ಸಾಲದು. ಸಂದೇಶ ಕಟ್ಟುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ಪೆಟ್ಟಿಗೆ ಮಾಡಿದವರದೇ ರಿಪೀಟರ್ ತೆಗೆದುಕೊಳ್ಳುವುದು ಒಳ್ಳೆಯದು. ನಾನು ಹಾಗೇ ಮಾಡಿದೆ.

ರಿಪೀಟರ್ ಬರುವ ತನಕ ಸುಮ್ನೆ ಕೂರಲಿಲ್ಲ. ಪೆಟ್ಟಿಗೆಯನ್ನು ಟೆಸ್ಟ್ ಮೋಡ್‌ಗೆ ಹಾಕಿದೆ. ಪಕ್ಕದ ಮನೆಯವರಿಗೆ ಮೊದಲೇ ಹೇಳಿದೆ, ಅಪ್ಪಿತಪ್ಪಿ ಕರೆ ಹೋದರೆ ಪಾಪ ಓಡಿ ಬರುತ್ತಾರೆ. ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಗೀಚಿದೆ. ಅಕ್ಕ ಪೆಟ್ಟಿಗೆಯ ಮುಂದೆ ಕೂತಳು. ನಾನು ಬಟನ್ ಹಿಡಿದು ಮನೆಯೆಲ್ಲ ಸುತ್ತಿ, ಒಂದೊಂದು ಜಾಗದಲ್ಲೂ ಮೂರು ಸಲ ಒತ್ತಿದೆ. ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ ಸಿಗ್ನಲ್‌ನ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಅಂಕಿ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಗಟ್ಟಿ. ಅಕ್ಕ ಕೂಗಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಹಾಲ್‌ನಲ್ಲಿ ಮೈನಸ್ 52. ಮಲಗುವ ಕೋಣೆ ಮೈನಸ್ 68. ಅಡುಗೆಮನೆಯ ಬಾಗಿಲು ಮೈನಸ್ 83. ಬಚ್ಚಲುಮನೆಯಲ್ಲಿ ನಿಂತು, ಬಾಗಿಲು ತೆರೆದಿಟ್ಟರೆ ಮೈನಸ್ 98.

ಈ ಅಂಕಿಗಳನ್ನು ಸಾಮಾನ್ಯ ಲೆಕ್ಕದ ಹಾಗೆ ಓದಬಾರದು. 10 ಕಡಿಮೆ ಆದರೆ ಬಲ ಹತ್ತನೇ ಒಂದು ಪಾಲಾಗುತ್ತದೆ. 3 ಕಡಿಮೆ ಆದರೆ ಅರ್ಧ. ಮಲಗುವ ಕೋಣೆಗೂ ಬಚ್ಚಲಿಗೂ ಇರುವ ವ್ಯತ್ಯಾಸ 30, ಅಂದರೆ ಸಾವಿರದಲ್ಲಿ ಒಂದು ಪಾಲು. ನಡುವೆ ಎರಡು ಕಾಂಕ್ರೀಟ್ ಗೋಡೆ, ಒಂದು ಫ್ರಿಜ್, ಒಂದು ದೊಡ್ಡ ಕನ್ನಡಿ. ಕನ್ನಡಿಯ ಹಿಂದಿನ ಲೋಹದ ಲೇಪ ಕೂಡ ಸಿಗ್ನಲ್ ತಡೆಯುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ.

ನಿಂತು ಒತ್ತಿದರೆ ಮೈನಸ್ 98, ಹೇಗೋ ತಲುಪುತ್ತಿತ್ತು. ಆದರೆ ಬಿದ್ದವರು ನಿಂತಿರುವುದಿಲ್ಲ. ಹಾಗಾಗಿ ಬಚ್ಚಲುಮನೆಯ ನೆಲದ ಮೇಲೆ ನಾನೇ ಬೋರಲು ಮಲಗಿದೆ. ನೆಲ ಒದ್ದೆಯಾಗಿತ್ತು, ಹಾಗೇ ಇರಲಿ ಅಂತ ಒರೆಸಲಿಲ್ಲ. ಬಟನ್ ಎದೆಯ ಕೆಳಗೆ ಸಿಕ್ಕಿಕೊಂಡಿತ್ತು. ಕೈ ತೂರಿಸಿ, ಮುಷ್ಟಿಯೊಳಗೇ ಹಿಡಿದು ಒತ್ತಿದೆ. ಬಾಗಿಲು ಹಾಕಿತ್ತು. ಬೆರಳ ಸಂದಿಯಿಂದ ಕೆಂಪು ಬೆಳಕು ಕಂಡಿತು.

"ಬಂತಾ?" ಅಂತ ಕೂಗಿದೆ.

"ಇಲ್ಲ."

ಹತ್ತು ಸಲ ಒತ್ತಿದೆ. ಎರಡು ಸಲ ಮಾತ್ರ ಬಂತು. ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರು. ಈ ಅಲೆಗಳನ್ನು ಮೈ ಚೆನ್ನಾಗಿಯೇ ಹೀರಿಕೊಳ್ಳುತ್ತದೆ. ಆ ತಣ್ಣನೆ ನೆಲದ ಮೇಲೆ ಮಲಗಿದ್ದಾಗ ಅಮ್ಮ ಇಲ್ಲೇ ಕೂತು ಕಾಯುತ್ತಿದ್ದಳಲ್ಲ ಅನ್ನಿಸಿ ಗಂಟಲು ಕಟ್ಟಿತು. ಅವತ್ತಿನಿಂದ ನಾನು ನಿಂತುಕೊಂಡು ಮಾಡಿದ ಯಾವ ಟೆಸ್ಟನ್ನೂ ಲೆಕ್ಕಕ್ಕೆ ಇಟ್ಟಿಲ್ಲ.

ರಿಪೀಟರ್ ಬಂತು. ಅಂಗೈಯಷ್ಟು ದೊಡ್ಡದು, ಸಾಕೆಟ್‌ಗೆ ಸಿಕ್ಕಿಸುವಂಥದ್ದು. ಅದು ಮಾಡುವ ಕೆಲಸ ಸರಳ. ಸೆನ್ಸರ್‌ನ ಸಂದೇಶ ಕೇಳಿಸಿಕೊಳ್ಳುತ್ತದೆ, ಒಂದು ಕ್ಷಣ ತಡೆದು ಅದನ್ನೇ ಮತ್ತೆ ಗಟ್ಟಿಯಾಗಿ ಹೇಳುತ್ತದೆ. ಪೆಟ್ಟಿಗೆಗೆ ಒಂದೇ ಸಂದೇಶ ಎರಡು ದಾರಿಯಿಂದ ಬಂದರೆ ಅದು ಗುರುತು ನೋಡಿ ಒಂದನ್ನು ಬಿಟ್ಟುಬಿಡುತ್ತದೆ. ಎರಡೆರಡು ಫೋನ್ ಬರುವುದಿಲ್ಲ.

ಎಲ್ಲಿ ಇಡಬೇಕು ಅನ್ನೋದರಲ್ಲೇ ನಾನು ತಪ್ಪಿದ್ದು. ಸಿಗ್ನಲ್ ಇಲ್ಲದಿರುವುದು ಬಚ್ಚಲಲ್ಲಿ ತಾನೇ ಅಂತ ಬಚ್ಚಲಿನ ಬಾಗಿಲ ಪಕ್ಕದ ಸಾಕೆಟ್‌ಗೇ ಹಾಕಿದೆ. ರಿಪೀಟರ್‌ಗೆ ಬಟನ್ ಸ್ಪಷ್ಟವಾಗಿ ಕೇಳಿಸಿತು. ಆದರೆ ಅದು ಹೇಳಿದ್ದು ಪೆಟ್ಟಿಗೆಗೆ ಕೇಳಿಸಲಿಲ್ಲ. ಕತ್ತಲಲ್ಲಿ ನಿಂತವರ ಪಕ್ಕ ಇನ್ನೊಬ್ಬರನ್ನು ನಿಲ್ಲಿಸಿದ ಹಾಗಾಯಿತು. ರಿಪೀಟರ್ ಇರಬೇಕಾದ್ದು ಸಿಗ್ನಲ್ ಸತ್ತ ಜಾಗದಲ್ಲಲ್ಲ, ಇನ್ನೂ ಚೆನ್ನಾಗಿ ಇರುವ ಕೊನೆಯ ಜಾಗದಲ್ಲಿ.

ಆ ಜಾಗ ಹುಡುಕಲು ಒಂದು ಸುಲಭ ದಾರಿ ಇದೆ. ರಿಪೀಟರ್ ಇಡಬೇಕು ಅಂತ ಅಂದುಕೊಂಡ ಜಾಗದಲ್ಲಿ ಬಟನ್ ಹಿಡಿದು ಒತ್ತಿ, ಪೆಟ್ಟಿಗೆಯಲ್ಲಿ ಅಂಕಿ ನೋಡಿ. ಅಲ್ಲಿಂದ ಸಣ್ಣ ಬಟನ್ನೇ ಚೆನ್ನಾಗಿ ಕೇಳಿಸಿದರೆ ರಿಪೀಟರ್ ಕೂಡ ಕೇಳಿಸುತ್ತದೆ ಅಂತ ನಂಬಬಹುದು. ನಮಗೆ ಮೈನಸ್ 75 ಸಿಕ್ಕಿದ್ದು ಅಡುಗೆಮನೆಗೆ ತಿರುಗುವ ಮೂಲೆಯಲ್ಲಿ. ಅಲ್ಲಿ ಕೆಳಗಿದ್ದ ಸಾಕೆಟ್ ಫ್ರಿಜ್‌ನ ಬೆನ್ನಿಗೆ ಬರುತ್ತಿತ್ತು. ಎಲೆಕ್ಟ್ರಿಷಿಯನ್ ಕರೆಸಿ ತಲೆಯ ಎತ್ತರಕ್ಕೆ ಒಂದು ಹೊಸ ಸಾಕೆಟ್ ಹಾಕಿಸಿದೆ. ಆಂಟೆನಾ ನೇರ ಮೇಲಕ್ಕೆ, ಪೆಟ್ಟಿಗೆಯದ್ದು ಇರುವ ಹಾಗೆಯೇ. ಇಲ್ಲೂ ಒಂದು ವಿಚಿತ್ರ ಕಂಡೆ. ರಿಪೀಟರನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಅಂಕಿ 8, 9 ಬದಲಾಗುತ್ತಿತ್ತು. ಈ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್. ಗೋಡೆಗೆ ಬಡಿದು ಬರುವ ಅಲೆ ನೇರ ಬರುವ ಅಲೆಯನ್ನು ಒಂದು ಕಡೆ ಹೆಚ್ಚಿಸುತ್ತದೆ, ಸ್ವಲ್ಪ ಆಚೆ ಕುಗ್ಗಿಸುತ್ತದೆ. ಹಾಗಾಗಿ ಗೋಡೆಗೆ ತೂತು ಹಾಕುವ ಮೊದಲು ಎಡಕ್ಕೆ ಬಲಕ್ಕೆ ಸರಿಸಿ ನೋಡುವುದು ಒಳ್ಳೆಯದು.

ಆಮೇಲೆ ಮತ್ತೆ ಬಚ್ಚಲುಮನೆಯ ನೆಲ. ಬೋರಲು ಮಲಗಿ, ಬಾಗಿಲು ಹಾಕಿ, ಹತ್ತು ಸಲ ಒತ್ತಿದೆ. ಹತ್ತೂ ಬಂದವು. ಗೋಡೆಯ ಕಡೆ ತಿರುಗಿ ಹತ್ತು ಸಲ. ಅದೂ ಬಂತು. ಅಮ್ಮ ಹೊರಗಿನಿಂದ "ಸಾಕು ಏಳೋ, ಶೀತ ಆಗುತ್ತೆ" ಅಂದಳು.

ಬಟನ್ ಸರಿಯಾಯಿತು ಅಂತ ಅಲ್ಲಿಗೇ ಬಿಟ್ಟಿದ್ದರೆ ದಾರದ ಸ್ವಿಚ್ ಹಾಗೇ ಉಳಿಯುತ್ತಿತ್ತು. ಎಳೆದು ನೋಡಿದಾಗ ಪೆಟ್ಟಿಗೆ ಸುಮ್ಮನಿತ್ತು. ನಮ್ಮ ರಿಪೀಟರ್ ಕೇಳಿಸಿದ್ದನ್ನೆಲ್ಲ ಮತ್ತೆ ಹೇಳುವುದಿಲ್ಲ, ತನಗೆ ಪರಿಚಯ ಮಾಡಿಸಿದ ಸೆನ್ಸರ್‌ಗಳದ್ದು ಮಾತ್ರ ಹೇಳುತ್ತದೆ. ನಾನು ಬಟನ್ ಒಂದನ್ನೇ ಜೋಡಿಸಿದ್ದೆ. ನಾಲ್ಕನ್ನೂ ಒಂದೊಂದಾಗಿ ಜೋಡಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿದೆ. ಯಾವ ಸೆನ್ಸರನ್ನೂ "ಅದು ಬಂದಮೇಲೆ ಇದೂ ಬರುತ್ತೆ" ಅಂತ ಬಿಡಬೇಡಿ.

ಇನ್ನು ಕರೆಂಟ್ ವಿಷಯ. ಸೆನ್ಸರ್ ಹೆಚ್ಚಿನ ಹೊತ್ತು ನಿದ್ದೆಯಲ್ಲಿರುತ್ತದೆ, ಹೇಳಬೇಕಾದಾಗ ಮಾತ್ರ ಏಳುತ್ತದೆ. ಅದಕ್ಕೇ ಸಣ್ಣ ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ರಿಪೀಟರ್ ಹಾಗಲ್ಲ. ಯಾವ ಗಳಿಗೆಯಲ್ಲಿ ಯಾರು ಕೂಗುತ್ತಾರೋ ಗೊತ್ತಿಲ್ಲದ ಕಾರಣ ಇಡೀ ದಿನ ಕಿವಿ ತೆರೆದೇ ಇರಬೇಕು. ಅದಕ್ಕೆ ಕರೆಂಟ್ ಬೇಕು, ಕರೆಂಟ್ ಹೋದಾಗ ಒಳಗಿನ ಬ್ಯಾಟರಿ ಬೇಕು. ಕೊಳ್ಳುವಾಗ ಬ್ಯಾಟರಿ ಇಲ್ಲದ್ದನ್ನು ಖಂಡಿತ ತೆಗೆದುಕೊಳ್ಳಬೇಡಿ. ನಾನು ಒಂದು ಶನಿವಾರ ಬೆಳಗ್ಗೆ ಸ್ವಿಚ್ ಆಫ್ ಮಾಡಿ, ಭಾನುವಾರ ಬೆಳಗ್ಗೆ ಬಂದು ಬಟನ್ ಒತ್ತಿ ನೋಡಿದೆ. ಇನ್ನೂ ಕೆಲಸ ಮಾಡುತ್ತಿತ್ತು.

ಆ ಬ್ಯಾಟರಿ ಮುಂದಿನ ತಿಂಗಳೇ ಉಪಯೋಗಕ್ಕೆ ಬಂತು. ಅಕ್ಕ ಬಂದಿದ್ದಾಗ ರಿಪೀಟರ್ ತೆಗೆದು ಅಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಿದ್ದಳು. ಅದು ಆ ಸಾಕೆಟ್‌ನಿಂದ ಅಲ್ಲಾಡಬಾರದು ಅಂತ ನಾನು ಹೇಳಿರಲಿಲ್ಲ. ಎರಡು ಗಂಟೆಯ ಮೇಲೆ "ರಿಪೀಟರ್‌ಗೆ ಕರೆಂಟ್ ಇಲ್ಲ" ಅಂತ ಪೆಟ್ಟಿಗೆಯಿಂದ ನನಗೆ ಸಂದೇಶ ಬಂತು. ಈಗ ಸ್ವಿಚ್‌ನ ಮೇಲೆ ಟೇಪ್ ಅಂಟಿಸಿ "ಅಮ್ಮನ ಅಲಾರಂ, ತೆಗೆಯಬೇಡಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಚಾರ್ಜರ್‌ಗೆ ಬೇರೆ ಸಾಕೆಟ್ ತೋರಿಸಿದ್ದೇನೆ.

ಪ್ರತಿ ತಿಂಗಳ ಮೊದಲ ಭಾನುವಾರ ಅಮ್ಮನೇ ಬಚ್ಚಲುಮನೆಯಲ್ಲಿ ಸ್ಟೂಲ್ ಮೇಲೆ ಕೂತು, ಬಾಗಿಲು ಹಾಕಿಕೊಂಡು ಬಟನ್ ಒತ್ತುತ್ತಾಳೆ, ದಾರ ಎಳೆಯುತ್ತಾಳೆ. ಬಟನ್‌ಗೆ ನೀರು ತಾಗಿದರೆ ಏನೂ ಆಗುವುದಿಲ್ಲ, ಹಾಗಾಗಿ ಸ್ನಾನಕ್ಕೂ ತೆಗೆಯಬೇಡ ಅಂತ ಹೇಳಿದ್ದೇನೆ. ಮೊದಲೆಲ್ಲ ಕೆಟ್ಟು ಹೋಗುತ್ತೆ ಅಂತ ಬಿಚ್ಚಿಟ್ಟು ಹೋಗುತ್ತಿದ್ದಳಂತೆ.

ಒಂದು ಜಾಗ ಮಾತ್ರ ಉಳಿದಿತ್ತು. ಹಿತ್ತಲಿನ ಕೊನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ. ಅಲ್ಲಿಂದ ಹತ್ತರಲ್ಲಿ ಆರು ಸಲ ಮಾತ್ರ ಬರುತ್ತಿತ್ತು. ಇನ್ನೊಂದು ರಿಪೀಟರ್ ಹಾಕೋಣ ಅಂದರೆ, ನಮ್ಮ ಸಾಧನದಲ್ಲಿ ಒಂದು ರಿಪೀಟರ್ ಹೇಳಿದ್ದನ್ನು ಇನ್ನೊಂದು ಮತ್ತೆ ಹೇಳುವುದಿಲ್ಲ. ಹೇಳುವ ಹಾಗಿದ್ದರೆ ಎರಡೂ ಒಂದಕ್ಕೊಂದು ಹೇಳುತ್ತಲೇ ಇರುತ್ತಿದ್ದವು ಅಂತ ಆ ಮಿತಿ ಇಟ್ಟಿದ್ದಾರೆ. ಕೊನೆಗೆ ಹಗ್ಗವನ್ನೇ ಬಿಚ್ಚಿ ಮನೆಯ ಕಡೆ ಎಂಟು ಹೆಜ್ಜೆ ಈಚೆ ಕಟ್ಟಿದೆ. ಕೆಳಗೆ ನೆಲದ ಮೇಲೆ ಮಲಗಿ ಹತ್ತು ಸಲ ಒತ್ತಿದೆ. ಹತ್ತೂ ಬಂದವು.