ಟೀವಿ ಸಂದರ್ಶನದಲ್ಲಿ ಮಾತು ಸರಾಗವಾಗಿದ್ದು ಹೇಗೆ

ನಾನು ಮಕ್ಕಳಿಗೆ ಕಥೆ ಬರೆಯುವವಳು. ನವೆಂಬರ್ 14ರ ಮಕ್ಕಳ ದಿನಾಚರಣೆಗೆ ಅಂತ ಟೀವಿಯವರು ಕರೆದಿದ್ದರು. ಮೊದಲ ಸಲ. ಗಿಳಿಹಸಿರು ಸೀರೆ ಉಟ್ಟು ಹೋದೆ. ಸ್ಟುಡಿಯೋದ ಪರದೆಯೂ ಹಸಿರು! ಕಂಪ್ಯೂಟರ್ ಆ ಹಸಿರನ್ನೆಲ್ಲ ತೆಗೆದು ಬೇರೆ ಚಿತ್ರ ಕೂರಿಸುತ್ತದೆ, ಸೀರೆಯ ಮೇಲೂ ಅದೇ ಚಿತ್ರ ಬರುತ್ತದೆ. ಕೊನೆಗೆ ಸೋಫಾ ಇದ್ದ ಇನ್ನೊಂದು ಸೆಟ್‌ನಲ್ಲಿ ಕೂರಿಸಿದರು. ನೀವು ಹೋಗುವುದಿದ್ದರೆ ಪರದೆಯ ಬಣ್ಣ ಮೊದಲೇ ಕೇಳಿಕೊಳ್ಳಿ.

ಸೆರಗಿಗೆ ಸಿಕ್ಕಿಸಿದ ಪುಟ್ಟ ಮೈಕಿಗೆ ನನ್ನ ಹವಳದ ಸರ ತಾಗಿ ಕಟಕಟ ಸದ್ದು. ಸರ ಬಿಚ್ಚಿ ಪರ್ಸಿಗೆ ಹಾಕಿದೆ, ಸರಿಹೋಯಿತು.

ನಿಜವಾದ ತೊಂದರೆ ಮಾತಿನದು. "ಮಕ್ಕಳಿಗೇ ಯಾಕೆ ಬರೀತೀರಾ ಮೇಡಂ?" ಅಂದರು ನಿರೂಪಕಿ. ಬಾಯಿ ಒಣಗಿತು. ಮನೆಯಲ್ಲಿ ಬಾಯಿಪಾಠ ಮಾಡಿದ್ದ ಉತ್ತರ ಒಂದೇ ಸಮನೆ ಒಪ್ಪಿಸಿದೆ. ಅದರಲ್ಲಿ ಜೀವವೇ ಇರಲಿಲ್ಲ. ರೆಕಾರ್ಡಿಂಗ್ ಆಗಿದ್ದರಿಂದ, ಇನ್ನೊಂದು ಸಲ ಹೇಳಲಾ ಅಂತ ಕೇಳಿದೆ. ಖುಷಿಯಿಂದ ಒಪ್ಪಿದರು. ಕೇಳುವುದಕ್ಕೆ ಸಂಕೋಚವೇ ಬೇಡ, ಅಲ್ವಾ?

ಎರಡು ಗುಟುಕು ಬಿಸಿನೀರು ಕುಡಿದೆ. ಪುಸ್ತಕ ತೆರೆದು, ಅಮ್ಮನ ಚಪ್ಪಲಿಯಲ್ಲಿ ಮೊಟ್ಟೆಯಿಟ್ಟ ಕೋಳಿಯ ಕಥೆಯನ್ನು ಮೂರನೇ ಕ್ಲಾಸಿನ ಮಕ್ಕಳಿಗೆ ಓದುವ ಹಾಗೆ ಗಟ್ಟಿಯಾಗಿ ಓದತೊಡಗಿದೆ. ನಾಲ್ಕನೇ ಸಾಲಿಗೆ ಉಸಿರು ಹದಕ್ಕೆ ಬಂತು. ಕ್ಯಾಮೆರಾ ಹಿಂದಿದ್ದ ಹುಡುಗ, "ಮರಿ ಆಯ್ತಾ ಮೇಡಂ?" ಅಂತ ಕೇಳಿಬಿಟ್ಟ. ಆ ಪ್ರಶ್ನೆಗಾಗಿಯೇ ನಾನು ಬರೆಯುವುದು. ಅದನ್ನೇ ನಿರೂಪಕಿಯ ಮುಖ ನೋಡಿಕೊಂಡು ಹೇಳಿದೆ. ಆಮೇಲೆ ಅರ್ಧ ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ.