ಆರೇ ಬೀಳುತ್ತಿದ್ದ ದಾಳವನ್ನು ದಾರಿಗೆ ತಂದದ್ದು

ಪಗಡೆ ಹಾಸು ಹೊಲಿಯುವುದು ನನಗೆ ಕಷ್ಟವಾಗಲಿಲ್ಲ. ಗುಳೇದಗುಡ್ಡದಲ್ಲಿ ಹೊಲಿಗೆ ಅಂಗಡಿ ಇಟ್ಟವನಿಗೆ ಖಣದ ತುಂಡಿಗೇನು ಬರ? ಕುಪ್ಪಸಕ್ಕೆ ಕತ್ತರಿಸಿ ಉಳಿದದ್ದನ್ನು ಜೋಡಿಸಿ, ಕೆಳಗೆ ದಪ್ಪ ಅಸ್ತರ ಕೊಟ್ಟು, 96 ಮನೆಗಳಿಗೆ ಬಿಳಿ ದಾರದ ಗೆರೆ ಹಾಕಿದರೆ ಎರಡು ದಿನದ ಕೆಲಸ. ಮೂರು ವರ್ಷ ನನ್ನನ್ನು ಕಾಡಿದ್ದು ದಾಳ, ಪಗಡೆಯ ನಾಲ್ಕು ಮೈಯ ಉದ್ದ ದಾಳ.

ಮೊದಲು ಬೇವಿನ ಕಟ್ಟಿಗೆಯಲ್ಲಿ 20 ಜೋಡಿ ಮಾಡಿಸಿದೆ. ಕಟ್ಟಿಗೆ ಇನ್ನೂ ಹಸಿ ಇತ್ತು, ಅವಸರ ನನ್ನದು. ಶ್ರಾವಣದ ತಂಪಿಗೆ ಅರ್ಧಕ್ಕರ್ಧ ಸೊಟ್ಟಗಾದವು. ಸುಮಾರು ನಾಲ್ಕು ಸಾವಿರ ರೂಪಾಯಿ ಒಲೆಗೆ ಹೋಯಿತು. ಮರುವರ್ಷ ಬಡಿಗೇರ ಅಂಗಡಿಯಲ್ಲಿ ಉಳಿದ ಬೀಟೆ ತುಂಡು ತಂದು ಮಾಡಿದೆ. ನೋಡಲು ಚೆಂದ, ಕೈಗೆ ಭಾರ. 12 ಜೋಡಿ ಮಾರಿದೆ, ಏಳೆಂಟು ವಾಪಸ್ ಬಂದವು. ಅಗಸಿ ಕಟ್ಟೆಯ ಮೇಲೆ ನಮ್ಮ ಸೋದರಮಾವ ಎಲ್ಲರ ಎದುರೇ ಅಂದರು: "ಅಳಿಯಾ, ನಿನ್ನ ದಾಳಕ್ಕ ಆರು ಬಿಟ್ಟು ಬ್ಯಾರೆ ಲೆಕ್ಕ ಬರಂಗಿಲ್ಲ. ಇದನ್ನ ಬಿಟ್ಟು ಅಂಗಿ ಹೊಲಿ."

ಆ ರಾತ್ರಿ ಕುಳಿತು 160 ಸಲ ಎಸೆದೆ. ಎರಡೂ ದಾಳದಲ್ಲಿ ಆರು ಬಿದ್ದು ಹನ್ನೆರಡಾಗುವುದು ಹತ್ತು ಸಲದ ಆಸುಪಾಸು ಇರಬೇಕು. ಇಪ್ಪತ್ತು ಸಲದ ಮೇಲೆ ಬಿತ್ತು. ಮಾವ ಹೇಳಿದ್ದು ಖರೇ ಇತ್ತು.

ತಪ್ಪು ಸಿಕ್ಕಿದ್ದು ಅಜ್ಜಿಯ ಹಳೆಯ ದಾಳ ಕೈಯಲ್ಲಿ ಹಿಡಿದಾಗ. ಅದರಲ್ಲಿ ಒಂದು ಲೆಕ್ಕದ ಮೈಯ ಕಣ್ಣು, ಅಂದರೆ ಚುಕ್ಕಿ, ದೊಡ್ಡದು, ಸುತ್ತ ಎರಡು ಬಳೆ ಕೊರೆದಿದೆ. ಆರರ ಕಣ್ಣುಗಳು ಸಾಸಿವೆಯಷ್ಟು. ಅಲಂಕಾರ ಅಂತ ತಿಳಿದಿದ್ದೆ. ನಾನು ಎಲ್ಲಾ ಕಣ್ಣಿಗೂ ಒಂದೇ ಡ್ರಿಲ್ ಬಿಟ್ಟಿದ್ದೆ. ಆರು ತೂತು ಬಿದ್ದ ಮೈ ಹಗುರಾಗಿ ಮೇಲೆ ಬರುತ್ತಿತ್ತು, ಅದರ ಎದುರಿನ ಒಂದು ನೆಲ ಹಿಡಿಯುತ್ತಿತ್ತು. ನಾಲ್ಕೂ ಮೈಯಿಂದ ಕಟ್ಟಿಗೆ ಸಮ ತೆಗೆಯಬೇಕು, ಇಷ್ಟೇ ಗುಟ್ಟು. ಯಾವ ಕಣ್ಣು ಎಷ್ಟು ಆಳ, ಅರಗಿನಲ್ಲಿ ಏನು ಕಲಸಿ ತುಂಬುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ತೂಕ ನೋಡಲು ಬಕೆಟ್ ನೀರಿಗೆ ಉಪ್ಪು ಕಲಸಿ ದಾಳ ತೇಲಿಬಿಡುತ್ತೇನೆ. ಬೆರಳಿನಿಂದ ತಿರುವಿದಾಗೆಲ್ಲ ಒಂದೇ ಮೈ ಮೇಲೆ ಬಂದರೆ ಅದು ಮಾರಾಟಕ್ಕಿಲ್ಲ. ಪಾಲಿಶ್ ಆದ ಮೇಲೆಯೇ ಬಿಡಬೇಕು, ಕೂಡಲೇ ಒರೆಸಬೇಕು. ಹತ್ತರಲ್ಲಿ ಎರಡು ಈಗಲೂ ಕೆಡುತ್ತವೆ.

ಇದೇ ಹುಚ್ಚಿನಲ್ಲಿ ಚೌಕಾಬಾರದ ಕವಡೆಗೂ ಕೈ ಹಾಕಿದೆ. ನಾಲ್ಕೂ ಕವಡೆ ಡುಬ್ಬ ಮೇಲಾಗಿ ಬಿದ್ದರೆ ಎಂಟರ ಲೆಕ್ಕ. ಹೊಸ ಕವಡೆ ನಾಲ್ಕನ್ನು ನೂರು ಸಲ ಎಸೆದರೆ ಈ ಎಂಟು, ಹದಿನೆಂಟು-ಇಪ್ಪತ್ತು ಸಲ ಬಿತ್ತು. ಡುಬ್ಬ ಮೇಲಾಗಿ ಕೂರುವುದೇ ಅವಕ್ಕೆ ಸುಲಭ. ಡುಬ್ಬವನ್ನು ಕಲ್ಲಿಗೆ ತಿಕ್ಕಿ ಚಪ್ಪಟೆ ಮಾಡಿದ ಮೇಲೆ ಏಳಕ್ಕಿಳಿಯಿತು. ಅಜ್ಜಿಯ ಕವಡೆಗಳ ಬೆನ್ನು ಸವೆದದ್ದು ವಯಸ್ಸಿನಿಂದಲ್ಲ ಅಂತ ಆಗ ತಿಳಿಯಿತು. ಆರನೇ ವಯಸ್ಸಿನಿಂದ ಆಕೆಯ ಎದುರು ಕುಳಿತು ಆಡಿದವನು ನಾನು, ಒಮ್ಮೆಯೂ ಹೇಳಲಿಲ್ಲ ಆಕೆ!

ಈಗ ಹಾಸು, ಹದಿನಾರು ಕಾಯಿ, ಒಂದು ಜೋಡಿ ದಾಳ ಸೇರಿ ನನಗೆ 450 ರೂಪಾಯಿಯಷ್ಟು ಬೀಳುತ್ತದೆ, 900ಕ್ಕೆ ಕೊಡುತ್ತೇನೆ. ಕಳೆದ ಶ್ರಾವಣದಲ್ಲಿ ಮೂವತ್ತರ ಮೇಲೆ ಹೋದವು, ಒಂದೂ ವಾಪಸ್ ಬಂದಿಲ್ಲ. ನಮ್ಮ ಭಾಗದಲ್ಲಿ ಇಷ್ಟು ನೇರ ಬೀಳುವ ದಾಳ ಇನ್ನೊಬ್ಬರ ಹತ್ತಿರ ನಾನು ಕಂಡಿಲ್ಲ.

ಪಂಚಮಿ ದಿನ ಅದೇ ಅಗಸಿ ಕಟ್ಟೆ ಮೇಲೆ ಮಾವನ ಕೈಗೆ ಹೊಸ ದಾಳ ಕೊಟ್ಟೆ. ಮಧ್ಯಾಹ್ನದಿಂದ ದೀಪ ಹಚ್ಚುವ ತನಕ ಆಡಿದರು. ಒಂದು ಆಟ ಸೋತರು, ಎರಡು ಗೆದ್ದರು. ಏಳುವಾಗ ದಾಳ ಒರೆಸಿ ಅಂಗಿಯ ಕಿಸೆಗೆ ಹಾಕಿಕೊಂಡು, "ರೊಕ್ಕ ಸಂತಿ ದಿನ ಇಸ್ಕೋ ಅಳಿಯಾ" ಅಂದರು.