ಸೇಂಟ್ ಥಾಮಸ್, ಸೇಂಟ್ ಜಾನ್ ಟ್ರಿಪ್‌ಗೆ ಪ್ರೈವೇಟ್ ಬೋಟ್ ಆರಿಸೋದು ಹೇಗೆ

ಅಮೆರಿಕದಲ್ಲಿರೋ ನಮ್ಮವರು ಕೆರಿಬಿಯನ್ ಅಂದ್ರೆ ಮೊದಲು ಯೋಚ್ನೆ ಮಾಡೋ ಜಾಗಗಳಲ್ಲಿ ಯುಎಸ್ ವರ್ಜಿನ್ ಐಲ್ಯಾಂಡ್ಸ್ ಒಂದು (ಸೇಂಟ್ ಥಾಮಸ್, ಸೇಂಟ್ ಜಾನ್ ಎರಡೂ ಅದರ ದ್ವೀಪಗಳೇ), ಯಾಕಂದ್ರೆ 1917ರಲ್ಲಿ ಡೆನ್ಮಾರ್ಕ್ ಹತ್ರ ಅಮೆರಿಕ ಕೊಂಡ್ಕೊಂಡಿರೋ ಜಾಗ ಅದು, ದೇಶ ಬಿಟ್ಟು ಹೋದ ಹಾಗಾಗಲ್ಲ, ಡಾಲರೇ ನಡೆಯತ್ತೆ, ಗಾಡಿ ಕೂಡ ನಮ್ಮೂರ ಥರ ಎಡಗಡೆನೇ ಓಡ್ಸೋದು. ಅಲ್ಲಿಗೆ ಹೋದ್ಮೇಲೆ ಒಂದು ದಿನ ಬೋಟ್ ಮಾಡೋಣ ಅಂತ ಎಲ್ರಿಗೂ ಆಸೆ ಆಗತ್ತೆ, ಆಗ್ಲೇಬೇಕು ಕೂಡ, ಆ ನೀರಿನ ಬಣ್ಣ ಹಾಗಿರತ್ತೆ. ಆದ್ರೆ ಸಾವಿರ ಡಾಲರ್ ದಾಟೋ ಖರ್ಚು ಇದು, ಒಂದು ಸಲ ದುಡ್ಡು ಕಟ್ಟಿದ್ಮೇಲೆ ವಾಪಸ್ ಬರೋದು ಕಷ್ಟ, ಹಾಗಾಗಿ ಬುಕ್ ಮಾಡೋ ಮುಂಚೆ ಏನೇನು ಕೇಳ್ಬೇಕು ಅಂತ ಬರೀತಿದೀನಿ.

ಬೋಟ್ ನಿಜವಾಗ್ಲೂ ಬೇಕಾ ಅಂತ ಮೊದ್ಲು ನೋಡ್ಕೊಳಿ. ಸೇಂಟ್ ಜಾನ್‌ನ ಟ್ರಂಕ್ ಬೇ ಬೀಚ್ ಒಂದನ್ನೇ ನೋಡ್ಬೇಕು ಅಂದ್ರೆ ಚಾರ್ಟರ್, ಅಂದ್ರೆ ಬಾಡಿಗೆ ಬೋಟ್ ಬೇಡ, ಸೇಂಟ್ ಥಾಮಸ್‌ನ ರೆಡ್ ಹುಕ್‌ನಿಂದ ಸೇಂಟ್ ಜಾನ್‌ನ ಕ್ರೂಜ್ ಬೇಗೆ ಫೆರ್ರಿ ಇದೆ, ಇಪ್ಪತ್ತು ನಿಮಿಷದ ದಾರಿ, ಅಲ್ಲಿಂದ ಟ್ಯಾಕ್ಸಿ ಹತ್ತಿದ್ರೆ ಬೀಚ್‌ನಲ್ಲಿ ಇಳಿಸ್ತಾರೆ, ಸ್ನಾನದ ವ್ಯವಸ್ಥೆ, ನೆರಳು, ಮುಖ ನೀರಲ್ಲಿಟ್ಟು ತೇಲ್ತಾ ನೋಡೋ ನೀರೊಳಗಿನ ಸ್ನಾರ್ಕೆಲ್ ಟ್ರೇಲ್ ಎಲ್ಲ ಅಲ್ಲೇ ಇದೆ. ಸೇಂಟ್ ಜಾನ್‌ನ ಅರ್ಧಕ್ಕಿಂತ ಜಾಸ್ತಿ ಭಾಗ 1956ರಿಂದ ನ್ಯಾಷನಲ್ ಪಾರ್ಕ್ ಆಗಿರೋದ್ರಿಂದ ತುಂಬಾ ಬೀಚ್‌ಗಳಿಗೆ ಹೀಗೇ ರಸ್ತೇಲೇ ಹೋಗ್ಬಹುದು. ಒಂದೇ ದಿನದಲ್ಲಿ ಮೂರ್ನಾಲ್ಕು ಕೊಲ್ಲಿ ನೋಡ್ಬೇಕು, ಕಾರು ಹೋಗದ ಜಾಗಕ್ಕೆ ಹೋಗ್ಬೇಕು, ಜನರ ಗದ್ದಲ ಇಲ್ಲದೆ ನಿಮ್ಮವರಷ್ಟೇ ಇರ್ಬೇಕು, ಇಂಥದ್ದಕ್ಕೆ ಬೋಟ್‌ಗೆ ಕೊಟ್ಟ ದುಡ್ಡು ಸಾರ್ಥಕ.

ಸರಿ ಬೇಕೇ ಬೇಕು ಅಂತ ಆಯ್ತು ಅನ್ಕೊಳಿ. ಎಲ್ರೂ ಮಾಡೋದೇನಂದ್ರೆ ಫೋಟೋ ನೋಡ್ತಾರೆ, ಬಿಳಿ ಬೋಟ್, ಮೂರು ಇಂಜಿನ್, ಮುಂದುಗಡೆ ಮಲ್ಕೊಂಡು ಬಿಸಿಲು ಕಾಯ್ಸೋ ಮೆತ್ತೆ. ನಾನು ಹೇಳೋದು, ಫೋಟೋ ಆಮೇಲೆ ನೋಡಿ, ಮೊದಲು ನಿಮ್ಮ ಜೊತೆ ಯಾರ್ ಬರ್ತಿದಾರೆ ಅಂತ ಒಂದು ಪಟ್ಟಿ ಮಾಡಿ, ಅದ್ರಲ್ಲಿ ಎಲ್ಲಕ್ಕಿಂತ ಕಷ್ಟ ಯಾರಿಗಾಗತ್ತೋ ಅವರಿಗೆ ಹೊಂದೋ ಬೋಟ್ ಆರಿಸಿ. ಊರಿಂದ ಬಂದಿರೋ ಅಮ್ಮನಿಗೆ ಮೊಣಕಾಲು ನೋವಿರತ್ತೆ, ಮಗು ಮೂರು ವರ್ಷದ್ದು, ಭಾವನಿಗೆ ಈಜೇ ಬರಲ್ಲ, ನಮ್ಮ ಮನೆಗಳಲ್ಲಿ ಇದು ಮಾಮೂಲಿ ಅಲ್ವಾ.

ಈಜು ಬರದವರಿದ್ರೆ ಕೇಳ್ಲೇಬೇಕಾದ ಪ್ರಶ್ನೆ ಒಂದಿದೆ, ದಡಕ್ಕೆ ಹೋಗೋದು ಹೇಗೆ. ಬೋಟ್ ಸೀದಾ ಮರಳಿನ ಮೇಲೆ ಹೋಗಿ ನಿಲ್ಲತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಪಾರ್ಕ್ ಒಳಗೆ ಹಾಗಿಲ್ಲ, ಹವಳ ಮತ್ತೆ ಕಡಲ ಹುಲ್ಲು ಹಾಳಾಗಬಾರದು ಅಂತ ಮೂರಿಂಗ್ ಬಾಲ್‌ಗೆ (ತಳಕ್ಕೆ ಬಿಗಿದು ನೀರ ಮೇಲೆ ತೇಲೋ ಚೆಂಡು) ಕಟ್ಟಿ ದೂರದಲ್ಲೇ ನಿಲ್ಲಿಸ್ತಾರೆ, ಈಜೋ ಜಾಗಕ್ಕೆ ಬೋಟ್ ಬರದ ಹಾಗೆ ತೇಲೋ ಗುರುತುಗಳನ್ನ ಸಾಲಾಗಿ ಹಾಕಿರ್ತಾರೆ, ಅಲ್ಲಿಂದಾಚೆಗೆ ಈಜ್ಕೊಂಡೇ ಹೋಗ್ಬೇಕು. ಹಾಗಾಗಿ ದಡಕ್ಕೆ ಬಿಡೋ ಡಿಂಗಿ, ಅಂದ್ರೆ ಪುಟ್ಟ ದೋಣಿ ಇದ್ಯಾ, ಇಲ್ದಿದ್ರೆ ಕಾಲು ಒದ್ದೆ ಮಾಡ್ಕೊಳ್ದೆ ಜೆಟ್ಟಿ ಮೇಲೆ ಇಳಿಯೋಂಥ ಒಂದು ಸ್ಟಾಪ್ ಆದ್ರೂ ಹಾಕ್ತೀರಾ ಅಂತ ಕ್ಯಾಪ್ಟನ್ ಹತ್ರ ಮೊದಲೇ ಮಾತಾಡ್ಕೊಳಿ.

ಇನ್ನೊಂದು ಏಣಿ. ಇದರ ಬಗ್ಗೆ ಯಾರೂ ಕೇಳಲ್ಲ. ಕೆಲವು ಬೋಟ್‌ಗಳ ಏಣಿ ನೀರೊಳಗೆ ಎರಡೇ ಮೆಟ್ಟಿಲಷ್ಟು ಇಳಿದಿರತ್ತೆ, ಅಲೆ ಬಂದಾಗೆಲ್ಲ ಬೋಟ್‌ನ ಹಿಂಭಾಗ ಎದ್ದು ಬೀಳ್ತಿರತ್ತೆ, ಏಣಿನೂ ಅದರ ಜೊತೆ ಮೇಲೆ ಕೆಳಗೆ, ಆವಾಗ ಮೊಣಕಾಲನ್ನ ಹೊಟ್ಟೆ ಮಟ್ಟಕ್ಕೆ ಎತ್ತಿ ಮೊದಲ ಮೆಟ್ಟಿಲು ಹಿಡೀಬೇಕು, ಮೈ ಭಾರ ಪೂರ್ತಿ ತೋಳಲ್ಲಿ ಎಳ್ಕೋಬೇಕು, ಕಾಲಲ್ಲಿ ಫಿನ್ಸ್ ಇದ್ರೆ ಅದನ್ನ ನೀರಲ್ಲೇ ಬಿಚ್ಚಿ ಮೇಲೆ ಕೊಡ್ಬೇಕು. ಅರವತ್ತು ದಾಟಿದವರಿಗೆ ಇಲ್ಲಿಗೆ ಸಾಕು ಅನ್ಸಿಬಿಡತ್ತೆ, ಮುಂದಿನ ಕೊಲ್ಲೀಲಿ ನೀರಿಗೇ ಇಳಿಯಲ್ಲ ಅಂತಾರೆ. ಕ್ಯಾಟಮರಾನ್‌ಗಳಲ್ಲಿ (ಪಕ್ಕಪಕ್ಕ ಎರಡು ತಳ ಇರೋ ಬೋಟ್) ಹಿಂದೆ ಅಗಲವಾದ ಮೆಟ್ಟಿಲುಗಳು ನೀರಿನ ಹತ್ರದವರೆಗೂ ಇಳಿದಿರತ್ತೆ, ವಯಸ್ಸಾದವರಿಗೆ ಅದು ಎಷ್ಟೋ ಮೇಲು. ಏಣಿ ಫೋಟೋ ಕಳ್ಸಿ ಅಂತ ಕೇಳಿದ್ರೆ ಒಳ್ಳೆ ಆಪರೇಟರ್ ಬೇಜಾರ್ ಮಾಡ್ಕೊಳಲ್ಲ.

ಈಗ ತಲೆ ಎಣಿಕೆ. ಅಮೆರಿಕದ ನಿಯಮದ ಪ್ರಕಾರ ಕೋಸ್ಟ್ ಗಾರ್ಡ್ ಇನ್‌ಸ್ಪೆಕ್ಷನ್ ಆಗದ ಮಾಮೂಲಿ ಚಾರ್ಟರ್ ಬೋಟ್‌ನಲ್ಲಿ ಸಾಧಾರಣವಾಗಿ ದುಡ್ಡು ಕೊಟ್ಟು ಬರೋರು ಆರು ಜನ ಅಷ್ಟೇ, ಅದಕ್ಕೇ ಅಲ್ಲಿ ಎಲ್ರೂ ಸಿಕ್ಸ್ ಪ್ಯಾಕ್ ಅಂತಾರೆ. ಮಡಿಲಲ್ಲಿ ಕೂರೋ ಕೂಸು ಕೂಡ ಒಂದು ತಲೆನೇ, ಫ್ಲೈಟ್‌ನ ಹಾಗೆ ಲೆಕ್ಕಕ್ಕಿಲ್ಲ ಅನ್ನೋ ಹಾಗಿಲ್ಲ. ನೀವು ಎಂಟು ಜನ ಇದ್ದು ಏನೂ ಪರವಾಗಿಲ್ಲ ಬನ್ನಿ ಅಂತ ಯಾರಾದ್ರೂ ಅಂದ್ರೆ ಯಾವ ಲೆಕ್ಕದಲ್ಲಿ ಕರ್ಕೊಂಡು ಹೋಗ್ತೀರಿ ಅಂತ ಕೇಳಿ. ಬೋಟ್ ಇನ್‌ಸ್ಪೆಕ್ಟೆಡ್ ಆಗಿದ್ರೆ ಸರ್ಟಿಫಿಕೇಟ್ ಆಫ್ ಇನ್‌ಸ್ಪೆಕ್ಷನ್ ಅಂತ ಒಂದು ಹಾಳೆ ಬೋಟ್‌ನಲ್ಲೇ ಹಾಕಿರ್ತಾರೆ, ಎಷ್ಟು ಜನ ಅಂತ ಅದ್ರಲ್ಲಿ ಇರತ್ತೆ. ಇನ್ನೊಂದು ದಾರಿ ಬೇರ್‌ಬೋಟ್, ಅಂದ್ರೆ ಆ ದಿನದ ಮಟ್ಟಿಗೆ ಬೋಟ್ ನಿಮ್ಮ ಕೈಗೆ ಬಾಡಿಗೆ, ಕ್ಯಾಪ್ಟನ್‌ನ ನೀವೇ ಆರಿಸಿ ಬೇರೆಯಾಗಿ ದುಡ್ಡು ಕೊಡ್ಬೇಕು, ಹೀಗಾದ್ರೆ ಹನ್ನೆರಡು ಜನರ ತನಕ ಹೋಗ್ಬಹುದು. ಆದ್ರೆ ಪೇಪರ್ ಮೇಲೆ ಬೇರ್‌ಬೋಟ್ ಅಂತ ಬರ್ದು, ಕ್ಯಾಪ್ಟನ್ ಇವರೇ ಅಂತ ಮಾಲೀಕನೇ ನಿಮ್ಮ ತಲೆಗೆ ಕಟ್ಟಿದ್ರೆ ಅದು ಕಾನೂನು ಪ್ರಕಾರ ಸರಿ ಇಲ್ಲ, ಅನಾಹುತ ಆದ್ರೆ ಇನ್ಶೂರೆನ್ಸ್ ಸಿಗೋದೂ ಅನುಮಾನ, ಮೇಲಾಗಿ ಆ ಒಪ್ಪಂದದಲ್ಲಿ ಹೊಣೆ ಬೀಳೋದು ಸಹಿ ಹಾಕಿದ ನಿಮ್ಮ ಮೇಲೆ. ದೊಡ್ಡ ಗುಂಪಾದ್ರೆ ಎರಡು ಬೋಟ್ ಮಾಡಿ, ಇಲ್ಲಾ ಇನ್‌ಸ್ಪೆಕ್ಟೆಡ್ ಕ್ಯಾಟಮರಾನ್ ಹುಡ್ಕಿ, ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ.

ಕ್ಯಾಪ್ಟನ್‌ಗೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಇದ್ಯಾ, ಬೋಟ್‌ಗೆ ಕಮರ್ಷಿಯಲ್ ಇನ್ಶೂರೆನ್ಸ್ ಇದ್ಯಾ, ಮಗುವಿನ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ಇದ್ಯಾ, ಈ ಮೂರನ್ನೂ ಮೆಸೇಜ್‌ನಲ್ಲಿ ಕೇಳಿ, ಉತ್ತರ ಬರವಣಿಗೇಲಿ ಇರ್ಲಿ. ದೊಡ್ಡವರ ಜಾಕೆಟ್‌ನ ಮಗುಗೆ ಬಿಗಿ ಮಾಡಿ ಕಟ್ಟಿದ್ರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ಮಗು ಕೆಳಗೆ ಜಾರತ್ತೆ, ಇದ್ರಲ್ಲಿ ಮಾತ್ರ ರಾಜಿ ಆಗ್ಬೇಡಿ.

ಇನ್ನು ಬಿವಿಐ ವಿಷ್ಯ, ನಮ್ಮವರು ಇದನ್ನ ಗಮನ ಇಟ್ಟು ಓದಿ. ಸೇಂಟ್ ಜಾನ್ ಪಕ್ಕದಲ್ಲೇ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್ (ಅದೇ ಬಿವಿಐ) ಇದೆ, ಕಣ್ಣಿಗೇ ಕಾಣತ್ತೆ, ಜೋಸ್ಟ್ ವ್ಯಾನ್ ಡೈಕ್‌ನ ವೈಟ್ ಬೇ, ವರ್ಜಿನ್ ಗೋರ್ಡಾದ ದಿ ಬಾತ್ಸ್, ನಾರ್ಮನ್ ಐಲ್ಯಾಂಡ್‌ನ ಗುಹೆಗಳು, ಫುಲ್ ಡೇ ಚಾರ್ಟರ್ ಅಂದ್ರೆ ತುಂಬಾ ಆಪರೇಟರ್‌ಗಳು ಇದನ್ನೇ ಮುಂದಿಡ್ತಾರೆ. ಆದ್ರೆ ಅದು ಬೇರೆ ದೇಶದ ಗಡಿ, ಪಾಸ್‌ಪೋರ್ಟ್ ಬೇಕು, ಅಲ್ಲಿ ಇಮಿಗ್ರೇಷನ್ ಮಾಡಿಸ್ಬೇಕು, ವಾಪಸ್ ಬರೋವಾಗ ಅಮೆರಿಕದ ಕಸ್ಟಮ್ಸ್ ಮುಂದೆ ನಿಲ್ಬೇಕು, ಅಂದ್ರೆ ಕಾನೂನಿನ ಲೆಕ್ಕದಲ್ಲಿ ನೀವು ಅಮೆರಿಕ ಬಿಟ್ಟು ಮತ್ತೆ ಒಳಗೆ ಬಂದ ಹಾಗೆ. ಎಚ್1ಬಿ ಎಕ್ಸ್‌ಟೆನ್ಷನ್ ಆಗಿದೆ, ಪೇಪರ್ ಕೈಲಿದೆ, ಆದ್ರೆ ಪಾಸ್‌ಪೋರ್ಟ್‌ನಲ್ಲಿರೋ ವೀಸಾ ಸ್ಟ್ಯಾಂಪ್ ಡೇಟ್ ಮುಗಿದಿದೆ ಅನ್ನೋರು ಅಲ್ಲಿಗೆ ಹೋಗಲೇಬೇಡಿ. ಕೆನಡಾ, ಮೆಕ್ಸಿಕೋಗೆ ಮೂವತ್ತು ದಿನದೊಳಗೆ ಹೋಗಿ ಬರೋರಿಗೆ ಇರೋ ಆಟೋಮ್ಯಾಟಿಕ್ ರೀವ್ಯಾಲಿಡೇಷನ್, ಅಂದ್ರೆ ಸ್ಟ್ಯಾಂಪ್ ಡೇಟ್ ಮುಗಿದಿದ್ರೂ ಒಳಗೆ ಬಿಡೋ ರಿಯಾಯ್ತಿ, ಎಚ್1ಬಿಯವರಿಗೆ ಕೆರಿಬಿಯನ್ ದ್ವೀಪಗಳಿಗೆ ಅನ್ವಯ ಆಗಲ್ಲ. ಮಧ್ಯಾಹ್ನದ ಊಟಕ್ಕೆ ಅಂತ ಹೋಗಿ ವಾಪಸ್ ಬರೋಕೆ ಕಾನ್ಸುಲೇಟ್ ಅಪಾಯಿಂಟ್‌ಮೆಂಟ್ ಹುಡ್ಕೋ ಪರಿಸ್ಥಿತಿ ಯಾರಿಗೂ ಬೇಡ. ಎಫ್1, ಜೆ1 ಇರೋ ಸ್ಟೂಡೆಂಟ್ಸ್‌ಗೆ ನಿಯಮ ಬೇರೆ ಥರ ಇದೆ, ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್‌ನಲ್ಲಿ ಕೇಳ್ಕೊಂಡೇ ಹೊರಡಿ. ವೀಸಾ ಸ್ಟ್ಯಾಂಪ್ ಸರಿ ಇದ್ದವರೂ ಇಂಡಿಯನ್ ಪಾಸ್‌ಪೋರ್ಟ್‌ಗೆ ಬಿವಿಐ ಕಡೆಯ ನಿಯಮ ಏನು ಅಂತ ಅವರ ಇಮಿಗ್ರೇಷನ್ ಸೈಟ್‌ನಲ್ಲೇ ನೋಡ್ಕೊಳಿ, ಕ್ಯಾಪ್ಟನ್‌ಗಳಿಗೆ ಅಮೆರಿಕನ್ ಪಾಸ್‌ಪೋರ್ಟ್‌ನವರನ್ನ ಕರ್ಕೊಂಡು ಹೋಗಿ ಅಭ್ಯಾಸ, ನಮ್ಮ ವಿಷ್ಯ ಅವರಿಗೆ ತಲೆಗೆ ಬರಲ್ಲ.

ಪೇಪರ್ ಎಲ್ಲ ಸರಿ ಇದ್ರೂ ಅಪ್ಪ ಅಮ್ಮ ಜೊತೆ ಇದ್ರೆ ನಾನು ಬಿವಿಐ ಬೇಡ ಅಂತೀನಿ. ಬಾತ್ಸ್ ಚೆಂದ ಹೌದು, ಮನೆ ಗಾತ್ರದ ಗ್ರಾನೈಟ್ ಬಂಡೆಗಳು ಒಂದಕ್ಕೊಂದು ಒರಗಿ ನಿಂತಿರೋದು, ಮಧ್ಯದಲ್ಲಿ ನೀರಿನ ಕೊಳಗಳು, ಆದ್ರೆ ಅಲ್ಲಿ ಬೋಟ್‌ನಿಂದ ದಡಕ್ಕೆ ಈಜ್ಬೇಕು, ಆಮೇಲೆ ಬಂಡೆ ಸಂದಿಗಳಲ್ಲಿ ಬಗ್ಗಿ ಹಗ್ಗ ಹಿಡ್ಕೊಂಡು ಹತ್ತಿ ಇಳೀಬೇಕು, ಅಲೆ ಜಾಸ್ತಿ ಇದ್ದ ದಿನ ಕೆಂಪು ಬಾವುಟ ಹಾಕಿ ಈಜೋದನ್ನೇ ನಿಲ್ಲಿಸಿರ್ತಾರೆ. ಅದಕ್ಕೋಸ್ಕರ ಗಾಳಿಗೆ ಎದುರಾಗಿ ವೇಗದ ಬೋಟ್‌ನಲ್ಲೂ ಒಂದು ಗಂಟೆ ಹತ್ರ ಕುಲುಕಿಸ್ಕೊಂಡು ಹೋಗ್ಬೇಕು.

ಈ ಕುಲುಕಾಟದ ಲೆಕ್ಕ ಗೊತ್ತಾದ್ರೆ ಯಾವ ಬೋಟ್ ಅನ್ನೋದು ತಾನಾಗೇ ಗೊತ್ತಾಗತ್ತೆ. ಅಲ್ಲಿ ವರ್ಷಪೂರ್ತಿ ಗಾಳಿ ಬೀಸೋದು ಪೂರ್ವದ ಕಡೆಯಿಂದ, ಡಿಸೆಂಬರ್ ಜನವರಿಯಲ್ಲಿ ಅದು ಇನ್ನೂ ಜೋರು, ಅಲ್ಲಿಯವರು ಕ್ರಿಸ್‌ಮಸ್ ವಿಂಡ್ಸ್ ಅಂತಾರೆ. ಸೇಂಟ್ ಥಾಮಸ್‌ನಿಂದ ಬೆಳಿಗ್ಗೆ ಪೂರ್ವಕ್ಕೆ ಹೊರಟ್ರೆ ಅಲೆಗೆ ಎದುರು, ಸಂಜೆ ವಾಪಸ್ ಬರೋವಾಗ ಬೆನ್ನಿಗೆ ಗಾಳಿ, ಆರಾಮ. ಸೆಂಟರ್ ಕನ್ಸೋಲ್ (ನಡುವೆ ಸ್ಟಿಯರಿಂಗ್ ಇರೋ ತೆರೆದ ಬೋಟ್) ವೇಗ, ಆದ್ರೆ ಅಲೆ ಮೇಲೆ ಹಾರಿ ಬೀಳತ್ತೆ, ಬೆನ್ನು ನೋವಿರೋರು, ಬಸುರಿಯರು ಅದ್ರಲ್ಲಿ ಹೋಗಲೇಬಾರದು, ಹೋದ್ರೆ ಮುಂದುಗಡೆ ಯಾರೂ ಕೂರಬೇಡಿ, ಹಿಂದಿನ ಸೀಟ್‌ನಲ್ಲಿ ಹೊಡೆತ ಕಮ್ಮಿ. ಪವರ್ ಕ್ಯಾಟಮರಾನ್ ಅಗಲ, ಸ್ಥಿರ, ನೆರಳು ಜಾಸ್ತಿ, ಟಾಯ್ಲೆಟ್ ಇರೋದೂ ಹೆಚ್ಚು. ಹಾಯಿ ಇರೋ ಕ್ಯಾಟಮರಾನ್ ನಿಧಾನ, ನೋಡೋ ಜಾಗ ಕಮ್ಮಿ ಆಗತ್ತೆ, ಆದ್ರೆ ಇಂಜಿನ್ ಆಫ್ ಮಾಡಿ ಗಾಳೀಲೇ ಸಾಗೋ ಆ ಸುಖಕ್ಕೆ ಬೇರೆ ಸಾಟಿ ಇಲ್ಲ, ನನಗೆ ಕೇಳಿದ್ರೆ ಅದೇ. ಟಾಯ್ಲೆಟ್ ಮತ್ತೆ ನೆರಳು ಈ ಎರಡನ್ನ ಯಾವ ಬೋಟ್ ಆದ್ರೂ ಕೇಳಿ, ಎಂಟು ಗಂಟೆ ಬಿಸಿಲು ಸಣ್ಣ ಮಾತಲ್ಲ.

ಚಳಿಗಾಲದಲ್ಲಿ ಉತ್ತರದಿಂದ ದೊಡ್ಡ ಅಲೆಗಳು ಬರೋ ದಿನಗಳಿರತ್ತೆ, ಆವಾಗ ಟ್ರಂಕ್ ಬೇ ಕಡೆ ಚೆನ್ನಾಗಿರಲ್ಲ, ಒಳ್ಳೆ ಕ್ಯಾಪ್ಟನ್ ಸೀದಾ ದಕ್ಷಿಣದ ಲೇಮ್‌ಶರ್, ಸಾಲ್ಟ್ ಪಾಂಡ್ ಕಡೆ ತಿರುಗಿಸ್ತಾರೆ. ಬುಕ್ ಮಾಡೋವಾಗ ಉತ್ತರದ ಅಲೆ ಇದ್ರೆ ಏನ್ ಮಾಡ್ತೀರಿ ಅಂತ ಕೇಳಿ ನೋಡಿ, ಅದಕ್ಕೆ ಕೊಡೋ ಉತ್ತರದಲ್ಲೇ ಅವರಿಗೆ ಆ ನೀರು ಎಷ್ಟು ಗೊತ್ತು ಅಂತ ತಿಳಿಯತ್ತೆ.

ಮನೆಯವರೆಲ್ಲ ಇದ್ರೆ ಹಾಫ್ ಡೇ ಸಾಕು ಅನ್ನೋದು ನನ್ನ ಅಭಿಪ್ರಾಯ. ಸೇಂಟ್ ಜಾನ್‌ನ ಮಾಹೋ ಬೇ ಕಡೆ ಹೋದ್ರೆ ಹಸಿರಾಮೆಗಳು ಕಡಲ ಹುಲ್ಲು ಮೇಯ್ತಿರತ್ತೆ, ತಲೆ ಬಗ್ಗಿಸಿ ಹುಲ್ಲು ಕಿತ್ತು ತಿಂದು, ಸ್ವಲ್ಪ ಹೊತ್ತಾದ್ಮೇಲೆ ನಿಧಾನಕ್ಕೆ ಮೇಲೆ ಬಂದು ಮೂಗಷ್ಟೇ ಹೊರಗಿಟ್ಟು ಉಸಿರು ಎಳ್ಕೊಂಡು ಮತ್ತೆ ಇಳಿಯತ್ತೆ, ಅದು ಮೇಲೆ ಬರೋ ದಾರಿಗೆ ಅಡ್ಡ ಹೋಗ್ಬೇಡಿ, ಮುಟ್ಟೋದಂತೂ ಕಾನೂನು ಪ್ರಕಾರವೂ ತಪ್ಪು. ಈಜು ಬರದವರು ಸ್ನಾರ್ಕೆಲ್ ವೆಸ್ಟ್ ಹಾಕ್ಕೊಂಡು ನೂಡಲ್ (ತೇಲೋ ಉದ್ದನೆ ಫೋಮ್ ಕೋಲು) ಹಿಡ್ಕೊಂಡು ಮುಖ ನೀರಲ್ಲಿಟ್ರೂ ಇದು ಕಾಣತ್ತೆ, ಕ್ರೂ ಒಬ್ರು ನೀರಿಗಿಳಿದು ಜೊತೆ ಇರ್ತಾರಾ ಅಂತ ಮುಂಚೆನೇ ಕೇಳಿ. ವಾಪಸ್ ಬರೋವಾಗ ಕ್ರಿಸ್‌ಮಸ್ ಕೋವ್ ಅಂತ ಒಂದು ಕೊಲ್ಲಿ, ಅಲ್ಲಿ ಇನ್ನೊಂದು ಬೋಟ್ ಮೇಲೇ ಪಿಜ್ಜಾ ಮಾಡಿ ಕೊಡ್ತಾರೆ, ವೆಜ್ ತಿನ್ನೋರಿಗೆ ಅನುಕೂಲ. ಉಳಿದ ಕಡೆ ವೆಜ್ ಕಷ್ಟನೇ, ಚಿತ್ರಾನ್ನನೋ ಚಪಾತಿ ರೋಲೋ ಕಟ್ಕೊಂಡು ಹೋಗಿ, ಕೂಲರ್‌ನಲ್ಲಿ ಇಡೋಕೆ ಬಿಡ್ತಾರೆ. ಸನ್‌ಸ್ಕ್ರೀನ್ ಮಾತ್ರ ಜಿಂಕ್ ಆಕ್ಸೈಡ್ ಇರೋದನ್ನೇ ತಗೊಳಿ, ಹವಳಕ್ಕೆ ಹಾನಿ ಅಂತ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್, ಆಕ್ಟೋಕ್ರೈಲೀನ್ ಇರೋವನ್ನ ಅಲ್ಲಿ 2020ರಿಂದ ನಿಷೇಧ ಮಾಡಿದಾರೆ.

ದುಡ್ಡಿನ ಬಗ್ಗೆ. ಸೈಟ್‌ನಲ್ಲಿ ಕಾಣೋ ರೇಟ್ ಪೂರ್ತಿ ರೇಟ್ ಅಲ್ಲ. ಫ್ಯುಯೆಲ್ ಸೇರಿದ್ಯಾ ಅಂತ ಕೇಳಿ, ವೇಗದ ಬೋಟ್‌ನಲ್ಲಿ ಬಿವಿಐ ತನಕ ಹೋದ್ರೆ ಅದೇ ನೂರಾರು ಡಾಲರ್, ಅದರ ಮೇಲೆ ತಲೆಗಿಷ್ಟು ಅಂತ ಬಿವಿಐ ಕಸ್ಟಮ್ಸ್ ಫೀ, ಆಮೇಲೆ ಕ್ರೂಗೆ ಟಿಪ್ ಹದಿನೈದರಿಂದ ಇಪ್ಪತ್ತು ಪರ್ಸೆಂಟ್. ಇದೆಲ್ಲ ಕೂಡಿಸಿದ್ಮೇಲೆ ಎರಡು ಬೋಟ್‌ನ ಹೋಲಿಕೆ ಮಾಡಿ. ಕ್ಯಾನ್ಸಲೇಷನ್ ಓದಿ, ಹವಾಮಾನ ಸರಿ ಇಲ್ಲ ಅಂತ ಕ್ಯಾಪ್ಟನ್ ನಿಲ್ಲಿಸಿದ್ರೆ ಪೂರ್ತಿ ವಾಪಸ್ ಬರತ್ತಾ ಇಲ್ಲಾ ಬೇರೆ ದಿನ ಕೊಡ್ತಾರಾ, ನಿಮ್ಮ ಟ್ರಿಪ್‌ನ ಕೊನೇ ದಿನ ಬುಕ್ ಮಾಡಿದ್ರೆ ಬೇರೆ ದಿನ ಅನ್ನೋದಕ್ಕೆ ಅರ್ಥನೇ ಇರಲ್ಲ, ಅದಕ್ಕೇ ಮೊದಲೆರಡು ದಿನದಲ್ಲಿ ಇಟ್ಕೊಳಿ. ಜೂನ್‌ನಿಂದ ನವೆಂಬರ್ ಹರಿಕೇನ್ ಸೀಸನ್, 2017ರ ಸೆಪ್ಟೆಂಬರ್‌ನಲ್ಲಿ ಎರಡೇ ವಾರದ ಅಂತರದಲ್ಲಿ ಇರ್ಮಾ ಮತ್ತೆ ಮರಿಯಾ ಬಂದು ಈ ದ್ವೀಪಗಳನ್ನ ಹಾಳು ಮಾಡಿದ್ವು, ಆ ತಿಂಗಳುಗಳಲ್ಲಿ ರೇಟ್ ಇಳಿದಿರತ್ತೆ, ಹೋಗೋದಾದ್ರೆ ಟ್ರಾವೆಲ್ ಇನ್ಶೂರೆನ್ಸ್ ಬೇಗನೇ ತಗೊಳಿ, ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ತಗೊಂಡ್ರೆ ಅದಕ್ಕೆ ಕವರ್ ಸಿಗಲ್ಲ.

ಘಾಟ್ ರಸ್ತೇಲಿ ವಾಂತಿ ಆಗೋರಿಗೆ ಇಲ್ಲೂ ಆಗತ್ತೆ, ಊರಿಂದ ಬರೋರು ಅವೊಮಿನ್ ಮಾತ್ರೆ ತಂದಿದ್ರೆ ಅದೇ, ಇಲ್ಲಾಂದ್ರೆ ಅಮೆರಿಕದಲ್ಲಿ ಸಿಗೋ ಬೋನೀನ್ ಮಾತ್ರೆ, ಬೋಟ್ ಹತ್ತೋಕೆ ಒಂದು ಗಂಟೆ ಮುಂಚೆ ತಗೋಬೇಕು, ತಲೆ ಸುತ್ತೋಕೆ ಶುರು ಆದ್ಮೇಲೆ ನುಂಗಿದ್ರೆ ಉಪಯೋಗ ಇಲ್ಲ, ಬಿಪಿ ಶುಗರ್ ಮಾತ್ರೆ ತಗೊಳ್ಳೋರು, ಮಕ್ಕಳು, ಇವರಿಗೆಲ್ಲ ಡಾಕ್ಟರ್ ಹತ್ರ ಕೇಳಿ ಕೊಡಿ. ಕ್ರೂಸ್ ಶಿಪ್‌ನಲ್ಲಿ ಬಂದವರು ಶಿಪ್ ನಿಲ್ಲೋ ಕಡೆಯಿಂದ ರೆಡ್ ಹುಕ್‌ಗೆ ಟ್ಯಾಕ್ಸೀಲಿ ಅರ್ಧ ಗಂಟೆ, ಟ್ರಾಫಿಕ್ ಇದ್ರೆ ಇನ್ನೂ ಜಾಸ್ತಿ ಅಂತ ಇಟ್ಕೊಂಡು ವಾಪಸ್ ಟೈಮ್ ಲೆಕ್ಕ ಹಾಕಿ. ಇನ್ನೊಂದು, ಬಿವಿಐಗೆ ಹೋಗದಿದ್ರೂ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಎಚ್1ಬಿ ಪೇಪರ್ ಮನೇಲಿ ಬಿಟ್ಟು ಬರ್ಬೇಡಿ, ಸೇಂಟ್ ಥಾಮಸ್ ಏರ್‌ಪೋರ್ಟ್‌ನಿಂದ ಅಮೆರಿಕದ ಮೇನ್‌ಲ್ಯಾಂಡ್‌ಗೆ ಹೊರಡೋವಾಗ ಕಸ್ಟಮ್ಸ್‌ನವರು ಎಲ್ರನ್ನೂ ಚೆಕ್ ಮಾಡಿಯೇ ಬಿಡೋದು, ಬೋಟ್ ದಿನ ಅವನ್ನೆಲ್ಲ ನೀರು ಹೋಗದ ಚೀಲದಲ್ಲಿ ಹಾಕಿ ಜೊತೇಲೇ ಇಟ್ಕೊಳಿ.